ಬುಸಾನ್‌ಗೆ ಕೇಳಿಸಿದ ಶಿವಮ್ಮನ ಕನ್ನಡ ನಿಮಗೆ ಕೇಳಿಸಿತೇ?



2022ನೇ ಇಸವಿಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಆ ವರ್ಷದ ಜೂನ್‌ನಲ್ಲಿ ಹೊಸಪೇಟೆಯಲ್ಲಿ ಪುನೀತ್ ರಾಜ್‌ಕುಮಾರ್ ಪುತ್ಥಳಿ ಅನಾವರಣವಾಯಿತು. ಅಪ್ಪು ಅಂದರೆ ಈ ಊರಿಗೆ ಪ್ರಾಣ. ಅದನ್ನು ಯಾರೂ ಪ್ರಶ್ನಿಸುವಂತಿಲ್ಲ, ನಾವೂ ಪ್ರಶ್ನಿಸುವುದಿಲ್ಲ. ಅದೇ ವರ್ಷ ಡಿಸೆಂಬರ್ 18ರಂದು ಅದೇ ಹೊಸಪೇಟೆಯಲ್ಲಿ 'ಕ್ರಾಂತಿ' ಚಿತ್ರದ ಹಾಡು ಬಿಡುಗಡೆಗೆ ಬಂದಿದ್ದ ನಟ ದರ್ಶನ್ ಮೇಲೆ ಗುಂಪಿನೊಳಗಿನಿಂದ ಚಪ್ಪಲಿ ಹಾರಿ ಬಂತು. ನಾಡಿನ ಟಿವಿಗಳೆಲ್ಲ ಅದನ್ನು ಹಗಲೂ ರಾತ್ರಿ ತೋರಿಸಿದವು. ಹೊಸಪೇಟೆ ಅಂದರೆ ಚಪ್ಪಲಿ ಎಸೆದ ಊರು ಅಂತಾಯಿತು.

ಈ ಎರಡರ ನಡುವೆ, ಅಕ್ಟೋಬರ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದು ನಿಮಗೆ ಗೊತ್ತಾಯಿತೇ?

ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವ ಏಷ್ಯಾದ ದೊಡ್ಡ ಚಿತ್ರೋತ್ಸವಗಳಲ್ಲಿ ಒಂದು. ಅಲ್ಲಿ ಹೊಸ ನಿರ್ದೇಶಕರಿಗೆ ಕೊಡುವ 'ನ್ಯೂ ಕರೆಂಟ್ಸ್' ಪ್ರಶಸ್ತಿಯನ್ನು ಆ ವರ್ಷ ಎರಡು ಚಿತ್ರಗಳಿಗೆ ಕೊಟ್ಟರು. ಒಂದು ಕೊರಿಯಾದವರದೇ ಚಿತ್ರ. ಇನ್ನೊಂದರ ಹೆಸರು 'ಶಿವಮ್ಮ ಯರೇಹಂಚಿನಾಳ'. ಕನ್ನಡ ಚಿತ್ರ. ನಿರ್ದೇಶಕ ಜೈಶಂಕರ್ ಆರ್ಯರ್. ಅವರ ಮೊದಲ ಚಿತ್ರ. ಪ್ರಶಸ್ತಿಯ ಮೊತ್ತ 30,000 ಡಾಲರ್.

ಯರೇಹಂಚಿನಾಳ ಎಲ್ಲಿದೆ ಅಂತ ಬೆಂಗಳೂರಿನಲ್ಲಿ ಕೂತು ಈ ಪತ್ರಿಕೆ ಓದುವ ಹುಡುಗರು ಕೇಳಬಹುದು. ಹೊಸಪೇಟೆಯಲ್ಲಿ ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆ ಶುರುವಾಗುತ್ತದೆ. ಕೊಪ್ಪಳ ದಾಟಿ ಕುಕನೂರು ಕಡೆಗೆ ಹೋದರೆ ಕಪ್ಪು ಎರೆ ಹೊಲಗಳ ನಡುವೆ ಆ ಹಳ್ಳಿ ಇದೆ. ಹಂಪಿ ನೋಡಲು ದೇಶವಿದೇಶದಿಂದ ಬರುವವರಲ್ಲಿ ಒಬ್ಬನೂ ಆ ದಾರಿ ಹಿಡಿಯುವುದಿಲ್ಲ.

ಆ ಹಳ್ಳಿಯ ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ಗಂಡ ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆ ಆಗಬೇಕು. ಅಂಥ ಹೊತ್ತಿನಲ್ಲಿ ಒಂದು ಚೈನ್ ಕಂಪನಿಯವರು ಬಂದು, ಈ ಶಕ್ತಿ ಪೇಯ ಮಾರು, ನಿನ್ನ ಕೆಳಗೆ ನಾಲ್ಕು ಜನರನ್ನು ಸೇರಿಸು, ನಿನ್ನ ಬದುಕೇ ಬದಲಾಗುತ್ತೆ ಅನ್ನುತ್ತಾರೆ. ಮಗಳ ಮದುವೆಗಿಟ್ಟ ದುಡ್ಡನ್ನು ಆಕೆ ಅದಕ್ಕೆ ಸುರಿಯುತ್ತಾಳೆ. ಮುಂದೇನಾಗುತ್ತದೆ ಅಂತ ಹೇಳಿ ಚಿತ್ರ ಕೆಡಿಸುವುದಿಲ್ಲ. ಆದರೆ ಇದು ಯಾರ ಮನೆಯ ಕಥೆ, ಹೇಳಿ! ಕಂಪ್ಲಿಯಲ್ಲಿ, ಸಂಡೂರಿನಲ್ಲಿ, ಹೊಸಪೇಟೆಯ ಓಣಿಗಳಲ್ಲಿ ಇಂಥ ಕಂಪನಿಯ ಡಬ್ಬಿ ಕೊಂಡು ಅಟ್ಟದ ಮೇಲೆ ಇಟ್ಟುಕೊಂಡ ಒಬ್ಬ ಚಿಕ್ಕಮ್ಮನಾದರೂ ನಿಮ್ಮ ಬಳಗದಲ್ಲಿ ಇಲ್ಲವೇ?

ಶಿವಮ್ಮನಾಗಿ ನಟಿಸಿದವರು ಶರಣಮ್ಮ ಚೆಟ್ಟಿ. ವೃತ್ತಿ ನಟಿಯಲ್ಲ. ಹಳ್ಳಿಯ ಜನರೇ ಹಳ್ಳಿಯ ಜನರಾಗಿ ಕ್ಯಾಮೆರಾ ಮುಂದೆ ನಿಂತಿದ್ದಾರೆ. ಅವರು ಆಡುವ ಮಾತು ನಮ್ಮ ಸೀಮೆಯ ಮಾತು. ಇದನ್ನು ನಾವು ಒತ್ತಿ ಹೇಳಲು ಕಾರಣವಿದೆ. ಗಾಂಧಿನಗರದವರು ಎಷ್ಟೋ ದಶಕಗಳಿಂದ ಉತ್ತರದ ಕನ್ನಡವನ್ನು ಯಾವುದಕ್ಕೆ ಬಳಸಿಕೊಂಡು ಬಂದರು? ನಗಿಸುವುದಕ್ಕೆ! ನಾಯಕ ಬೆಂಗಳೂರು ಮೈಸೂರಿನ ಕನ್ನಡದಲ್ಲಿ ಪ್ರೀತಿ ಮಾಡುತ್ತಾನೆ, ಅಳುತ್ತಾನೆ, ಭಾಷಣ ಬಿಗಿಯುತ್ತಾನೆ. ಅವನ ಹಿಂದೆ ನಿಂತ ಪೆದ್ದನೊಬ್ಬ 'ಹೌದ್ರೀ ಯಪ್ಪಾ' ಅನ್ನುತ್ತಾನೆ, ಥಿಯೇಟರ್ ಗೊಳ್ಳೆಂದು ನಗುತ್ತದೆ. ನೀವೂ ನಕ್ಕಿದ್ದೀರಿ. ಶಿವಮ್ಮನ ಚಿತ್ರದಲ್ಲಿ ಆ ಮಾತು ನಗಿಸುವ ಕೂಲಿಯಿಂದ ಬಿಡುಗಡೆ ಪಡೆದಿದೆ. ಅದರಲ್ಲಿ ಸಾಲ ಕೇಳುತ್ತಾರೆ, ಬೈಯುತ್ತಾರೆ, ಆಸೆ ಪಡುತ್ತಾರೆ, ಮೋಸ ಹೋಗುತ್ತಾರೆ. ಮನುಷ್ಯರು ಮನೆಯಲ್ಲಿ ಮಾತಾಡುವಂತೆ ಮಾತಾಡುತ್ತಾರೆ. ಆ ಮಾತನ್ನು ಕೊರಿಯಾದವರು ಅಕ್ಷರದ ಸಾಲು ಓದಿಕೊಂಡು ಅರ್ಥ ಮಾಡಿಕೊಂಡರು, ಪ್ರಶಸ್ತಿ ಕೊಟ್ಟರು.

ಇಷ್ಟಾದ ಮೇಲೆ ಆ ಚಿತ್ರ ಕರ್ನಾಟಕದ ಥಿಯೇಟರಿಗೆ ಬಂದದ್ದು ಯಾವಾಗ ಗೊತ್ತೇ? 2024ರ ಜೂನ್ 14ಕ್ಕೆ. ಇಪ್ಪತ್ತು ತಿಂಗಳು! ಹೊಳೆಯ ಆಚೆಯ ಹಳ್ಳಿಯಿಂದ ಬುಸಾನ್‌ಗೆ ಹೋದ ಚಿತ್ರ ವಾಪಸ್ ಊರಿನ ದಾರಿ ಹಿಡಿಯಲು ಅಷ್ಟು ದಿನ ಬೇಕಾಯಿತು. ಅಷ್ಟಾದರೂ ಬಂದದ್ದು ಹೇಗೆ? ಬೆನ್ನಿಗೆ ರಿಷಬ್ ಶೆಟ್ಟಿಯವರ ಸಂಸ್ಥೆ ಇತ್ತು. 2022ರ ಸೆಪ್ಟೆಂಬರ್ 30ರಂದು 'ಕಾಂತಾರ' ತೆರೆಗೆ ಬಂದು ದೇಶವೆಲ್ಲ ಆ ಮನುಷ್ಯನ ಹೆಸರು ಹೇಳುತ್ತಿದ್ದ ಹೊತ್ತಿಗೇ ಅವರು ದುಡ್ಡು ಹಾಕಿದ ಈ ಸಣ್ಣ ಚಿತ್ರ ಬುಸಾನ್‌ನಲ್ಲಿ ಗೆದ್ದಿತ್ತು. 'ಕಾಂತಾರ'ಕ್ಕೆ ಸಾಲು ನಿಂತ ನಮ್ಮಲ್ಲಿ ಎಷ್ಟು ಮಂದಿ 'ಶಿವಮ್ಮ'ನ ಟಿಕೆಟ್ ಹರಿದಿದ್ದೇವೆ?

ಇನ್ನು ಬೆನ್ನಿಗೆ ಯಾರೂ ಇಲ್ಲದವರ ಪಾಡು ಏನು? ಸಂಡೂರಿನಲ್ಲೋ ಕಂಪ್ಲಿಯಲ್ಲೋ ಸಿನಿಮಾದ ಹುಚ್ಚು ಹತ್ತಿಸಿಕೊಂಡ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನೆನೆಸಿಕೊಳ್ಳಿ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಗೆಳೆಯರು ದುಡಿಯುತ್ತಾರೆ, ಮನೆಯವರು ಊಟ ಹಾಕುತ್ತಾರೆ. ಚಿತ್ರ ಮುಗಿಯುತ್ತದೆ. ನಿಜವಾದ ಕಾಟ ಆಮೇಲೆ. ಸ್ಟಾರ್ ಚಿತ್ರಕ್ಕೆ ಥಿಯೇಟರಿನವನೇ ಮುಂಗಡ ಹಿಡಿದು ಓಡಿ ಬರುತ್ತಾನೆ. ಸಣ್ಣ ಚಿತ್ರದವನು ತಾನೇ ವಾರದ ಬಾಡಿಗೆ ಕಟ್ಟಬೇಕು. ಪ್ರೊಜೆಕ್ಷನ್ ಕಂಪನಿಗೆ ಬೇರೆ ಕಟ್ಟಬೇಕು, ಪೋಸ್ಟರಿಗೆ ಬೇರೆ ಸುರಿಯಬೇಕು. ಮಲ್ಟಿಪ್ಲೆಕ್ಸಿನವರು ಬೆಳಿಗ್ಗೆ ಹತ್ತಕ್ಕೋ ಮಧ್ಯಾಹ್ನದ ಉರಿಬಿಸಿಲಿಗೋ ಒಂದು ಆಟ ಕೊಡುತ್ತಾರೆ, ಜನ ಆಫೀಸಿನಲ್ಲೋ ಕಾಲೇಜಿನಲ್ಲೋ ಇರುವ ಹೊತ್ತಿಗೆ. ಶುಕ್ರವಾರ ಬಿಡುಗಡೆಯಾದ ಚಿತ್ರಕ್ಕೆ ಶನಿವಾರ, ಭಾನುವಾರ ಜನ ಬರಲಿಲ್ಲವೋ, ಸೋಮವಾರ ಚಿತ್ರ ಎತ್ತಂಗಡಿ. ನೋಡಿದವರು ಚೆನ್ನಾಗಿದೆ ಅಂತ ಬಾಯಿಂದ ಬಾಯಿಗೆ ಹೇಳುವಷ್ಟರಲ್ಲಿ ಆ ಥಿಯೇಟರಿನಲ್ಲಿ ಬೇರೆ ಪೋಸ್ಟರ್ ಅಂಟಿರುತ್ತದೆ.

ಒಟಿಟಿ ಇದೆಯಲ್ಲ ಅನ್ನುತ್ತೀರಿ. ದೊಡ್ಡ ಒಟಿಟಿ ಕಂಪನಿಗಳು ಕನ್ನಡಕ್ಕೆ ಎಷ್ಟು ಬಾಗಿಲು ತೆರೆದಿವೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ರಕ್ಷಿತ್ ಶೆಟ್ಟಿಯವರಂಥ ಗೆದ್ದ ನಟನ ಬೆಂಬಲವಿದ್ದ 'ಏಕಂ' ಸರಣಿಯನ್ನೇ ಯಾವ ವೇದಿಕೆಯೂ ಕೊಳ್ಳಲಿಲ್ಲ. 2024ರ ಜುಲೈನಲ್ಲಿ ಅವರು ಸ್ವಂತದ್ದೊಂದು ಜಾಲತಾಣ ಕಟ್ಟಿ ಅದನ್ನು ಜನರ ಮುಂದೆ ಇಡಬೇಕಾಯಿತು. ಅವರಿಗೇ ಈ ಗತಿಯಾದರೆ ಕಂಪ್ಲಿಯ ಹುಡುಗನಿಗೆ? ತಮಿಳು, ತೆಲುಗು, ಮಲಯಾಳಂಗೆ ಕೋಟಿ ಸುರಿಯುವವರು ಕನ್ನಡಕ್ಕೆ ಬಂದಾಗ ಲೆಕ್ಕದ ಪುಸ್ತಕ ತೆಗೆಯುತ್ತಾರೆ. ಆ ಲೆಕ್ಕದ ಪುಸ್ತಕದಲ್ಲಿ ನಮ್ಮ ಸಂಖ್ಯೆ ಕಡಿಮೆ ಅಂತ ಬರೆದಿದ್ದರೆ ಬರೆದವನನ್ನು ಮಾತ್ರ ಬೈದರೆ ಆಗದು.

ಇನ್ನು ಸರ್ಕಾರ. 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳನ್ನು ಘೋಷಿಸಿದ್ದು 2025ರ ಜನವರಿಯಲ್ಲಿ! ಐದು ವರ್ಷ. ಪ್ರಶಸ್ತಿಯ ದುಡ್ಡು ಬಂದರೆ ಮುಂದಿನ ಚಿತ್ರ ಶುರು ಮಾಡೋಣ ಅಂತ ಕೂತ ನಿರ್ದೇಶಕ ಅಷ್ಟರಲ್ಲಿ ಸಿನಿಮಾ ಬಿಟ್ಟು ಇನ್ನೇನೋ ಮಾಡುತ್ತಿರುತ್ತಾನೆ. ನಟೇಶ್ ಹೆಗಡೆಯವರ 'ಪೆದ್ರೊ' 2021ರಲ್ಲಿ ಇದೇ ಬುಸಾನ್‌ನ ಸ್ಪರ್ಧೆಯಲ್ಲಿತ್ತು. ನಮ್ಮ ತೆರಿಗೆ ದುಡ್ಡಿನಲ್ಲಿ ನಡೆಯುವ 2022ರ ಬೆಂಗಳೂರು ಚಿತ್ರೋತ್ಸವಕ್ಕೆ ಅದು ಆಯ್ಕೆಯೇ ಆಗಲಿಲ್ಲ. ನಟೇಶ್ ಬಹಿರಂಗವಾಗಿಯೇ ಪ್ರಶ್ನೆ ಕೇಳಿದರು. ಕುಗ್ಗಲಿಲ್ಲ. ಅವರ ಎರಡನೇ ಚಿತ್ರ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗಕ್ಕೆ ಹೋಯಿತು. ಎರಡನೇ ಚಿತ್ರ ಅನ್ನುವ ಮಾತನ್ನು ಗಮನಿಸಿ. ಸ್ವತಂತ್ರ ನಿರ್ದೇಶಕನ ಬದುಕಿನಲ್ಲಿ ಮೊದಲ ಚಿತ್ರ ಹುಚ್ಚಿನಿಂದ ಆಗುತ್ತದೆ, ಮನೆಯವರ ಚಿನ್ನದಿಂದ ಆಗುತ್ತದೆ. ಎರಡನೆಯದು ಆಗಬೇಕಾದರೆ ಪ್ರೇಕ್ಷಕ ಬೇಕು.

ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಯಮ ತಂದದ್ದು, ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಓಡಿದ್ದು, ಅದೇ ತಿಂಗಳು ತಡೆಯಾಜ್ಞೆ ಬಂದದ್ದು ನಿಮಗೆ ಗೊತ್ತು. ಅದರ ಬಗ್ಗೆ ಇಲ್ಲಿ ಬೆಳೆಸುವುದಿಲ್ಲ.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಪ್ರದೇಶದಲ್ಲಿ ಬಳ್ಳಾರಿಯೂ ಇತ್ತು, ರಾಯಲಸೀಮೆಯೂ ಇತ್ತು. ತೆಲುಗು ಚಿತ್ರದ ವ್ಯಾಪಾರಿಗಳು ಇವತ್ತಿಗೂ ಆ ಸೀಮೆಯನ್ನು 'ಸೀಡೆಡ್' ಅಂತಲೇ ಕರೆಯುತ್ತಾರೆ. ನಕ್ಷೆ ಬದಲಾಯಿತು, 1953ರಲ್ಲಿ ಬಳ್ಳಾರಿ ಕನ್ನಡ ನಾಡಿಗೆ ಬಂತು, ಆ ಸಂಭ್ರಮದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ಬಲ್ಬಿಗೆ ಬಲಿಯಾದರು. ಅವರು ಪ್ರಾಣ ಕೊಟ್ಟದ್ದು ಕನ್ನಡಕ್ಕೆ. ಆದರೆ ಹೈದರಾಬಾದಿನಿಂದ ದೊಡ್ಡ ತೆಲುಗು ಚಿತ್ರ ಬಂದ ವಾರ ಬಳ್ಳಾರಿ, ಹೊಸಪೇಟೆ, ಕಂಪ್ಲಿ ಕಡೆಯ ಥಿಯೇಟರುಗಳತ್ತ ಒಮ್ಮೆ ಹೋಗಿ ನೋಡಿ. ತೆಲುಗು ನಮ್ಮ ಶತ್ರು ಅಂತ ನಾವು ಯಾವತ್ತೂ ಬರೆದಿಲ್ಲ, ಬರೆಯುವುದೂ ಇಲ್ಲ. ಈ ಸೀಮೆಯಲ್ಲಿ ಮನೆಮನೆಯಲ್ಲಿ ಎರಡೂ ಭಾಷೆ ಇವೆ, ಅಕ್ಕಪಕ್ಕದ ಮನೆಯವರ ನಡುವೆ ಜಗಳ ಹಚ್ಚುವ ಕೆಲಸ ನಮ್ಮದಲ್ಲ. ಕೇಳುತ್ತಿರುವುದು ಇಷ್ಟೇ: ಅಲ್ಲಿನ ಚಿತ್ರಕ್ಕೆ ಐದು ಆಟ ಕೊಡುವ ಮಾಲೀಕ ಶಿವಮ್ಮನಿಗೆ ಸಂಜೆಯ ಒಂದೇ ಒಂದು ಆಟ ಯಾಕೆ ಕೊಡಬಾರದು?

2014ರ ನವೆಂಬರ್ 1ರಂದು 'ಹಾಸ್ಪೆಟ್' ಹೋಗಿ 'ಹೊಸಪೇಟೆ' ಆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಒಳ್ಳೆಯದೇ. ಹೆಸರು ಕನ್ನಡವಾದ ಊರಿನ ಬದುಕು ಕನ್ನಡದ ತೆರೆಯ ಮೇಲೆ ಎಷ್ಟು ಬಂತು? ಹಂಪಿಯನ್ನು ಎಲ್ಲರೂ ಬಂದು ಬಳಸಿಕೊಂಡರು. ಜಾಕಿ ಚಾನ್ ಬಂದು ಹೋದ, 2005ರಲ್ಲಿ 'ದಿ ಮಿಥ್' ಬಂತು. ಕಲ್ಲುಗಳ ನಡುವೆ ಕುಣಿದು ಹೋದ ನಾಯಕ ನಾಯಕಿಯರಿಗೆ ಲೆಕ್ಕವಿಲ್ಲ. ಕಂಪ್ಲಿಯ ಕುಮಾರರಾಮನಿಗೂ 2006ರಲ್ಲಿ ಒಂದು ಚಿತ್ರ ಬಂತು, ಶಿವರಾಜ್‌ಕುಮಾರ್ ಕತ್ತಿ ಹಿಡಿದರು. ಸಂಡೂರಿನ ಕೆಂಪು ಧೂಳಿನ ಕಥೆಗೆ 2010ರಲ್ಲಿ ಜೇಕಬ್ ವರ್ಗೀಸ್ 'ಪೃಥ್ವಿ' ಮಾಡಿದರು, ಅಪ್ಪು ಬಳ್ಳಾರಿಯ ಜಿಲ್ಲಾಧಿಕಾರಿಯಾಗಿ ಗಣಿ ಕಳ್ಳರ ಮೇಲೆ ಬಿದ್ದರು. ಗಣಿ ಹಾವಳಿ ಜೋರಾಗಿದ್ದ ಕಾಲದಲ್ಲೇ ಆ ವಿಷಯ ಮುಟ್ಟಿದ್ದಕ್ಕೆ ಮೆಚ್ಚಲೇಬೇಕು. ಆದರೆ ಅಲ್ಲಿಯೂ ಕಥೆ ಹೊರಗಿನಿಂದ ಬಂದ ಅಧಿಕಾರಿಯದು. ಲಾರಿ ತೊಳೆಯುತ್ತಿದ್ದ ಹುಡುಗನದಲ್ಲ, ಹೊಲದ ಮೇಲೆ ಧೂಳು ಕೂತ ರೈತನದಲ್ಲ.

2011ರ ಜುಲೈ 29 ಅನ್ನುವ ಒಂದು ದಿನವಿದೆ. ಅವತ್ತು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅವತ್ತೇ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಬುಲ್ಡೋಜರ್ ಓಡಿ, ವರ್ಷಾನುಗಟ್ಟಲೆ ಆ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರು ಬೀದಿಗೆ ಬಿದ್ದರು. ಸಂಡೂರಿನಲ್ಲಿ ಲಾರಿಗಳು ನಿಂತ ದಿನವೇ ಹಂಪಿಯಲ್ಲಿ ಚಹಾದ ಅಂಗಡಿಗಳು ಮುರಿದವು. ಸ್ಮಾರಕ ಉಳಿಯಬೇಕು, ಗುಡ್ಡವೂ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ದಿನ ಕೂಲಿ ಕಳಕೊಂಡ ಅಣ್ಣ ಸಂಡೂರಿನಲ್ಲಿ, ಮನೆ ಕಳಕೊಂಡ ತಂಗಿ ಹಂಪಿಯಲ್ಲಿ ಅಂತ ಒಂದು ಚಿತ್ರ ನೆನೆಸಿಕೊಳ್ಳಿ. ಅದನ್ನು ಹೊರಗಿನವರು ಬಂದು ಮಾಡಲಾರರು. ಮಾಡಬೇಕಾದವನು ಆವತ್ತು ಹತ್ತು ಹನ್ನೆರಡು ವರ್ಷದವನಾಗಿ ನಿಂತು ನೋಡಿದ ಹುಡುಗ. ಈಗ ಅವನಿಗೆ ನಿಮ್ಮದೇ ವಯಸ್ಸು. ಬಹುಶಃ ಬೆಂಗಳೂರಿನಲ್ಲಿ ಯಾರದೋ ಮದುವೆಯ ವಿಡಿಯೋ ಎಡಿಟ್ ಮಾಡುತ್ತಿದ್ದಾನೆ.

ಅವನಿಗೆ ದಾರಿ ಇಲ್ಲವೇ? ಇದೆ, ಇತ್ತು. ಪಕ್ಕದ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ 'ಕೊಟ್ರೇಶಿ ಕನಸು' ಮಾಡಿ ರಾಷ್ಟ್ರ ಪ್ರಶಸ್ತಿ ತಂದರು. ಮಂಡ್ಯದ ಹಳ್ಳಿಯ ಮುದುಕರನ್ನೇ ನಿಲ್ಲಿಸಿ ಮಾಡಿದ 'ತಿಥಿ' 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದಿತು, 2016ರಲ್ಲಿ ಥಿಯೇಟರಿನಲ್ಲೂ ಓಡಿತು. ನಾಲ್ಕು ಸಲ ಸ್ವರ್ಣಕಮಲ ಪಡೆದ ಗಿರೀಶ್ ಕಾಸರವಳ್ಳಿಯವರ ಚಿತ್ರಗಳಿಗೆ ದುಡ್ಡು ಎಲ್ಲಿಂದ ಬಂತು ನೋಡಿ: 'ತಾಯಿ ಸಾಹೇಬ'ಕ್ಕೆ ಜಯಮಾಲಾ ಹಾಕಿದರು, 'ದ್ವೀಪ'ಕ್ಕೆ ಸೌಂದರ್ಯ ಹಾಕಿದರು. ಇಬ್ಬರೂ ನಟಿಯರು. ಗಾಂಧಿನಗರದ ಹಣವಂತ ಗಂಡಸರು ಆಗ ಎಲ್ಲಿದ್ದರೋ! ಪವನ್ ಕುಮಾರ್ 'ಲೂಸಿಯಾ'ಕ್ಕೆ ನಿರ್ಮಾಪಕರು ಸಿಗದೆ ನೇರವಾಗಿ ಜನರನ್ನೇ ಕೇಳಿದರು. 110 ಮಂದಿ ಸೇರಿ 27 ದಿನದಲ್ಲಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು, 2013ರಲ್ಲಿ ಚಿತ್ರ ಬಂತು. 2023ರ 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೆ ತೇಜಸ್ವಿಯವರ ಓದುಗರೇ ನಿರ್ಮಾಪಕರಾದರು. ಅವರೆಲ್ಲ ಕೋಟ್ಯಧಿಪತಿಗಳಲ್ಲ, ನಿಮ್ಮಂತೆ ತಿಂಗಳ ಸಂಬಳದವರು.

ಇನ್ನು ಅಪ್ಪು ಅಭಿಮಾನಿಗಳಿಗೆ ಒಂದು ಮಾತು, ಸಿಟ್ಟಾಗದೆ ಕೇಳಿ. ಪುನೀತ್ ತಮ್ಮ ಪಿಆರ್‌ಕೆ ಸಂಸ್ಥೆ ಕಟ್ಟಿ ಆ ದುಡ್ಡನ್ನು ಯಾರಿಗೆ ಕೊಟ್ಟರು? 'ಕವಲುದಾರಿ', 'ಮಾಯಾಬಜಾರ್', 'ಫ್ರೆಂಚ್ ಬಿರಿಯಾನಿ'... ತಾವು ನಾಯಕರಾಗಿ ಮೆರೆಯುವ ಚಿತ್ರಗಳಲ್ಲ ಅವು. ಬೇರೆಯವರ ಕಥೆ, ಬೇರೆಯವರ ಮುಖ, ಹೊಸ ಹುಡುಗರಿಗೆ ಅವಕಾಶ. ಪುತ್ಥಳಿಗೆ ಹಾರ ಹಾಕುವ ಕೈಯಿಂದಲೇ ಹೊಸಬನ ಚಿತ್ರಕ್ಕೆ ಒಂದು ಟಿಕೆಟ್ ತೆಗೆದರೆ ಆ ಮನುಷ್ಯನ ಕೆಲಸ ಮುಂದುವರಿಸಿದಂತಾಗುತ್ತದೆ. ಒಂದು ಕಟೌಟಿನ ಖರ್ಚಿನಲ್ಲಿ ಕಂಪ್ಲಿಯಲ್ಲಿ ಸಣ್ಣ ಚಿತ್ರವೊಂದಕ್ಕೆ ಎಷ್ಟು ದಿನದ ಥಿಯೇಟರ್ ಬಾಡಿಗೆ ಕಟ್ಟಬಹುದು ಅಂತ ಅಭಿಮಾನಿ ಸಂಘದವರು ಒಮ್ಮೆ ಕೂತು ಲೆಕ್ಕ ಹಾಕಿ.

ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ಕೇಳುವುದಿದೆ. ಅದರ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು ಸ್ವತಃ ಚಿತ್ರ ನಿರ್ದೇಶಕರು. 'ಕಾಡುಕುದುರೆ' ಅವರದೇ ಚಿತ್ರ, ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಉತ್ತರದ ಕನ್ನಡವನ್ನು ತಲೆಯೆತ್ತಿ ತೆರೆಗೆ ತಂದ ಮನುಷ್ಯ ಕಟ್ಟಿದ ವಿಶ್ವವಿದ್ಯಾಲಯ ಅದು. ಅಲ್ಲಿ ತಿಂಗಳಿಗೊಮ್ಮೆ ಸಂಜೆ ಒಂದು ಕನ್ನಡ ಚಿತ್ರ ತೋರಿಸಿ, ಮಾಡಿದವರನ್ನು ಕರೆಸಿ ಮಾತಾಡಿಸಿದರೆ, ಹೊಸಪೇಟೆ ಕಮಲಾಪುರದ ಹುಡುಗರು ಬೈಕ್ ಹತ್ತಿ ಬರುವುದಿಲ್ಲವೇ? ಎಂ.ಪಿ. ಪ್ರಕಾಶ್ ಶುರು ಮಾಡಿದ ಹಂಪಿ ಉತ್ಸವದಲ್ಲಿ ದೊಡ್ಡ ವೇದಿಕೆಯ ಮೇಲೆ ಸಿನಿಮಾ ಗಾಯಕರು ಬಂದು ಹಾಡಿ ಹೋಗುತ್ತಾರೆ, ಹಾಡಲಿ. ಒಂದು ಸಣ್ಣ ವೇದಿಕೆಗೆ ಬಿಳಿ ಪರದೆ ಕಟ್ಟಿ ಈ ಸೀಮೆಯ ಚಿತ್ರ ತೋರಿಸಲು ಜಿಲ್ಲಾಡಳಿತಕ್ಕೆ ಎಷ್ಟು ಖರ್ಚಾದೀತು?

ಹಿಂದೆ ಅನಕೃ, ಮ. ರಾಮಮೂರ್ತಿಯವರು ಬೆಂಗಳೂರಿನ ಬೀದಿಯಲ್ಲಿ ನಿಂತು ಕನ್ನಡ ಚಿತ್ರಕ್ಕೆ ಥಿಯೇಟರ್ ಕೇಳಿದರು. 1982ರಲ್ಲಿ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಾಗ ಈ ಸೀಮೆಯ ಜನವೂ ಬೀದಿಗೆ ಬಂದರು. ನಮ್ಮ ಸರದಿಯ ಕೆಲಸ ಅದಕ್ಕಿಂತ ಸುಲಭ. ಲಾಠಿ ಏಟು ತಿನ್ನಬೇಕಾಗಿಲ್ಲ. ಶುಕ್ರವಾರ, ಶನಿವಾರ, ಭಾನುವಾರ ಈ ಮೂರು ದಿನದಲ್ಲಿ ಹೋಗಬೇಕು, ಅಷ್ಟೇ. ಆಮೇಲೆ ಮೊಬೈಲಿನಲ್ಲಿ ನೋಡಿಕೊಂಡರಾಯಿತು ಅಂತ ಕೂತರೆ ಸೋಮವಾರಕ್ಕೆ ಆ ಚಿತ್ರ ಇರುವುದಿಲ್ಲ. ಕದ್ದ ಪ್ರತಿ ಹಂಚಿಕೊಳ್ಳುವ ಗುಂಪುಗಳಲ್ಲಿ ನೀವಿದ್ದರೆ ಈಗಲೇ ಹೊರಗೆ ಬನ್ನಿ. ಕನ್ನಡ ಬಾವುಟದ ಚಿತ್ರ ಹಾಕಿಕೊಂಡು ಕನ್ನಡದವನ ಅನ್ನ ಕದಿಯುವುದು ಯಾವ ಸೀಮೆಯ ಅಭಿಮಾನ?

ಹೊಸಪೇಟೆ, ಕಂಪ್ಲಿ, ಸಂಡೂರಿನ ನಮ್ಮ ಕಾರ್ಯಕರ್ತರಿಗೆ ಕೆಲಸ ಹೇಳಿದ್ದೇವೆ. ಸ್ವತಂತ್ರ ನಿರ್ದೇಶಕರ ಕನ್ನಡ ಚಿತ್ರ ಬಿಡುಗಡೆಯಾಗುವ ವಾರ ಊರಿನ ಥಿಯೇಟರಿಗೆ ನಾಲ್ಕು ಜನ ಹೋಗಿ ಮ್ಯಾನೇಜರನ್ನು ಕಂಡು, ಸಂಜೆಯ ಒಂದು ಆಟ ಕೊಡಿ, ಅರ್ಧ ಥಿಯೇಟರ್ ನಾವು ತುಂಬಿಸುತ್ತೇವೆ ಅಂತ ಕೇಳಬೇಕು. ಗಲಾಟೆ ಬೇಡ, ಗಾಜು ಒಡೆಯುವುದು ಬೇಡ. ಹೋಗುವಾಗ ಟಿಕೆಟಿನ ದುಡ್ಡು ಜೇಬಿನಲ್ಲಿರಲಿ. ಬೆಂಗಳೂರಿನಲ್ಲಿರುವವರು ಇದೇ ಕೆಲಸವನ್ನು ನಿಮ್ಮ ಬಡಾವಣೆಯ ಮಲ್ಟಿಪ್ಲೆಕ್ಸಿನಲ್ಲಿ ಮಾಡಿ. ದೀಪಾವಳಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದಾಗ, ಶಿವಮ್ಮನ ವಯಸ್ಸಿನ ನಿಮ್ಮ ಅವ್ವನನ್ನೂ ಒಂದು ಆಟಕ್ಕೆ ಕರೆದುಕೊಂಡು ಹೋಗಿ.